ಕಲ್ಕತ್ತಾದಿಂದ ಒಂದೇ ದಿನದಲ್ಲಿ ಬಂದ ಅಪ್ಪ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಿಂದ ಕಲ್ಕತ್ತಾ ಆರು ದಿನ ದೂರವಿತ್ತು. ಮೈಲಿ, ಕಿಲೋಮೀಟರುಗಳೆಲ್ಲ ಶಾಲೆಯ ಪುಸ್ತಕದಲ್ಲಿದ್ದವು. ಮನೆಯಲ್ಲಿ ಊರುಗಳ ದೂರವನ್ನು ಅಪ್ಪನ ಲಾರಿಯಿಂದಲೇ ಅಳೆಯುತ್ತಿದ್ದೆವು. ನೆಲ್ಲೂರೆಂದರೆ ಬೆಳಿಗ್ಗೆ ಹೊರಟವರು ರಾತ್ರಿ ಮಲಗುವ ಊರು. ಬೆಜವಾಡವೆಂದರೆ ಮಾರನೆಯ ದಿನದ ಊಟದ ಊರು. ಗೋದಾವರಿ ದಾಟಿದ ಮೇಲೆ ನಿಮ್ಮಪ್ಪನಿಗೆ ಮನೆ ಮರೆತುಹೋಗುತ್ತದೆ ಎಂದು ಅಮ್ಮ ತಮಾಷೆ ಮಾಡುತ್ತಿದ್ದಳು. ಅದರಾಚೆ ನಮಗೆ ಬರೀ ಹೆಸರುಗಳಷ್ಟೇ ಆಗಿದ್ದ ಊರುಗಳು, ಅವೆಲ್ಲದರ ಕೊನೆಗೆ ಕಲ್ಕತ್ತಾ. ಅಪ್ಪ ಬೆಂಗಳೂರಿನಲ್ಲಿ ಯಂತ್ರದ ಬಿಡಿಭಾಗಗಳನ್ನು ತುಂಬಿಕೊಂಡು ಹೋಗಿ, ಅಲ್ಲಿಂದ ಗೋಣಿಚೀಲದ ಬಂಡಲುಗಳನ್ನು ತರುತ್ತಿದ್ದರು. ಅವರ ಲುಂಗಿ, ಅಂಗಿ, ಕೊನೆಗೆ ಅವರ ಕೂದಲಿಗೂ ಸೆಣಬಿನ ವಾಸನೆ ಹತ್ತಿರುತ್ತಿತ್ತು. ಆ ವಾಸನೆಯೇ ಕಲ್ಕತ್ತಾದ ವಾಸನೆ ಎಂದು ನಾನು ಬಹಳ ಕಾಲ ನಂಬಿದ್ದೆ.

ನಂಗಲಿಯಲ್ಲಿ ನಮ್ಮದು ಹೆದ್ದಾರಿಗೆ ಮುಖ ಮಾಡಿದ ಹೆಂಚಿನ ಮನೆ. ಮುಂದೆ ಜಗಲಿ, ಒಳಗೆ ನಡುಮನೆ, ಅದರ ಪಕ್ಕಕ್ಕೆ ಒಂದು ಸಣ್ಣ ಕೋಣೆ, ಕೊನೆಗೆ ಅಡುಗೆಮನೆ, ಹಿತ್ತಲಲ್ಲಿ ಎಮ್ಮೆಯ ಕೊಟ್ಟಿಗೆ. ಭಾರದ ಲಾರಿ ಹಾದುಹೋದಾಗಲೆಲ್ಲ ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಸಣ್ಣ ಕೋಣೆ ಅಮ್ಮನ ತಾಯಿಯದು. ಅವರು ಪಲಮನೇರು ಕಡೆಯವರು, ತೆಲುಗಿನವರು. ನಾವು ಅವರನ್ನು ಅವ್ವ ಎನ್ನುತ್ತಿದ್ದೆವು. ಅಪ್ಪ ಮಾಲೂರು ಕಡೆಯ ಕನ್ನಡದವರು. ಅಳಿಯನ ಎದುರಿಗೆ ನಿಲ್ಲುವುದಾಗಲಿ, ಅವನೊಡನೆ ನೇರವಾಗಿ ಮಾತಾಡುವುದಾಗಲಿ ಅವ್ವನ ಪದ್ಧತಿಯಲ್ಲಿರಲಿಲ್ಲ. ಅಪ್ಪ ಮನೆಯಲ್ಲಿದ್ದಷ್ಟು ದಿನವೂ ಅವ್ವ ಕೋಣೆಯ ಬಾಗಿಲ ಹಿಂದೆ ಕೂತು, ಹೇಳಬೇಕಾದ್ದನ್ನೆಲ್ಲ ತೆಲುಗಿನಲ್ಲಿ ನನಗೆ ಹೇಳುತ್ತಿದ್ದರು. ನಾನು ನಾಲ್ಕು ಹೆಜ್ಜೆ ನಡೆದು ಅದನ್ನು ಕನ್ನಡದಲ್ಲಿ ಅಪ್ಪನಿಗೆ ಹೇಳುತ್ತಿದ್ದೆ. ಅಪ್ಪನಿಗೆ ತೆಲುಗು ಚೆನ್ನಾಗಿ ಬರುತ್ತಿತ್ತು, ಬಾಗಿಲ ಹಿಂದಿನ ಮಾತು ಪೂರ್ತಿಯಾಗಿ ಕೇಳಿಸಿಯೂ ಇರುತ್ತಿತ್ತು. ಆದರೂ ನಾನು ಬಂದು ಹೇಳುವವರೆಗೆ ಮುಖದಲ್ಲಿ ಏನನ್ನೂ ತೋರಿಸದೆ ಕಾಯುತ್ತಿದ್ದರು.

ನಾಲ್ಕು ಹೆಜ್ಜೆಯಲ್ಲಿ ಮಾತು ಬದಲಾಗುತ್ತಿತ್ತು. “ರಾತ್ರಿಯೆಲ್ಲ ದೀಪ ಉರಿಸಿಕೊಂಡು ರೇಡಿಯೋ ಕೇಳೋದಕ್ಕೆ ಇದೇನು ಅವನ ಲಾರಿ ಆಫೀಸಾ?” ಎಂದು ಅವ್ವ ಹೇಳಿದರೆ, “ರೇಡಿಯೋ ಸ್ವಲ್ಪ ಸಣ್ಣಗೆ ಇಡಬೇಕಂತೆ” ಎಂದು ನಾನು ಹೇಳುತ್ತಿದ್ದೆ. ಅಪ್ಪ ನಗು ತಡೆದುಕೊಂಡು, “ಹಂಗೇ ಆಗ್ಲಿ ಅಂತ ಹೇಳು” ಎನ್ನುತ್ತಿದ್ದರು. ಒಬ್ಬರ ಸಿಟ್ಟನ್ನು ಇನ್ನೊಬ್ಬರ ಬಳಿ ತಲುಪಿಸುವ ಮೊದಲು ಅದರ ಬಿಸಿ ಆರಿಸಬೇಕು ಎನ್ನುವುದನ್ನು ಯಾರೂ ನನಗೆ ಕಲಿಸಲಿಲ್ಲ. ಮುಂದೆ ಮದುವೆಯಾಗಿ ದೊಡ್ಡ ಕುಟುಂಬವೊಂದಕ್ಕೆ ಸೇರಿದಾಗ ನಾನು ಬದುಕಿಕೊಂಡದ್ದು ಈ ವಿದ್ಯೆಯಿಂದಲೇ.

ಅಪ್ಪ ದೊಡ್ಡ ಕತೆಗಾರರು. ಬಂದ ದಿನ ಎಣ್ಣೆನೀರು ಮುಗಿಸಿ, ಕೋಳಿಸಾರಿನಲ್ಲಿ ಮುದ್ದೆ ಉಂಡು, ಜಗಲಿಯ ಮೇಲೆ ಕೂತರೆ ಕಲ್ಕತ್ತಾದಿಂದ ಮನೆಯವರೆಗಿನ ಊರುಗಳು ಒಂದೊಂದಾಗಿ ಹಿಂದಕ್ಕೆ ಸರಿಯುತ್ತಿದ್ದವು. ಕಡಲಿನಷ್ಟು ದೊಡ್ಡ ಕೆರೆಯಲ್ಲಿ ದೋಣಿಗಳು, ಗೋದಾವರಿಯ ಸೇತುವೆಯ ಮೇಲೆ ಕೆಟ್ಟುನಿಂತ ಲಾರಿಗೆ ದಾರಿಹೋಕರೆಲ್ಲ ಸೇರಿ ಕೊಟ್ಟ ನೂಕು, ಚಹಾ ಅಂಗಡಿಯಲ್ಲಿ ಮಾತು ಕಲಿತ ಮೈನಾಹಕ್ಕಿ. ಅದು ಅಪ್ಪನ ಹೆಸರು ಹಿಡಿದು ಕೂಗುತ್ತದೆ ಎಂದರೆ ನಾವು ನಂಬುತ್ತಿದ್ದೆವು, ಅಕ್ಕಪಕ್ಕದವರೂ ನಂಬಿದಂತೆ ಕೂರುತ್ತಿದ್ದರು. ಅಮ್ಮ ಮಾತ್ರ ಅಡುಗೆಮನೆಯ ಹೊಸ್ತಿಲಲ್ಲಿ ಕಡಲೆಕಾಯಿ ಬಿಡಿಸುತ್ತಾ, “ಹೋದ ಸಲ ಆ ಹಕ್ಕಿ ಗಿಣಿ ಆಗಿತ್ತು” ಎನ್ನುತ್ತಿದ್ದಳು.

ಅವ್ವನಿಗೆ ಈ ಕತೆಗಳೇ ಆಗುತ್ತಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. ನಮ್ಮ ಬೀದಿಯ ಇನ್ನೊಬ್ಬ ಲಾರಿ ಡ್ರೈವರಿನ ಮನೆಗೆ ಒಂದು ದಿನ ನೆಲ್ಲೂರಿನ ಬಸ್ಸಿಳಿದು ಹೆಂಗಸೊಬ್ಬಳು ಬಂದಿದ್ದಳು, ಕಂಕುಳಲ್ಲೊಂದು ಮಗು, ಕೈಯಲ್ಲೊಂದು ಮಗು. ಎರಡೂ ಮಕ್ಕಳಿಗೆ ಆ ಡ್ರೈವರಿನದೇ ಮೂಗು. ಅಂದಿನಿಂದ, ಅಪ್ಪ ಹೊರಟ ದಿನದಿಂದ ಬರುವ ದಿನದವರೆಗೆ ಅವ್ವ ಬೆರಳು ಮಡಚಿ ಎಣಿಸುತ್ತಿದ್ದರು. ಒಂದು ದಿನ ತಡವಾದರೂ, “ನಡುವೆ ಎಲ್ಲಿ ನಿಂತಿದ್ದನೋ ಕೇಳು” ಎಂದು ನನ್ನನ್ನು ಕಳಿಸುತ್ತಿದ್ದರು. ನಾನು ಬಂದು, “ದಾರಿಯಲ್ಲಿ ಮಳೆ ಇತ್ತಾ?” ಎಂದು ಕೇಳುತ್ತಿದ್ದೆ.

ನಾನು ಐದನೆಯ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ ಅಮ್ಮ ಒರಳಿನ ಮುಂದೆ ಕೂತವಳು ಹೊಟ್ಟೆ ಹಿಡಿದುಕೊಂಡು ಪಕ್ಕಕ್ಕೆ ಒರಗಿದಳು. ಹಿಂದಿನ ಎರಡು ದಿನವೂ ನೋವಿತ್ತಂತೆ, ಓಮ ನುಂಗಿ ಸುಮ್ಮನಿದ್ದಳು. ತರಕಾರಿ ತುಂಬಿಕೊಂಡು ಕೋಲಾರದ ಮಾರ್ಕೆಟ್ಟಿಗೆ ಹೊರಟಿದ್ದ ಟೆಂಪೋ ನಿಲ್ಲಿಸಿ, ಬದನೆಕಾಯಿ ಮೂಟೆಗಳ ನಡುವೆ ಚಾಪೆ ಹಾಕಿ ಅಮ್ಮನನ್ನು ಮಲಗಿಸಿದರು. ಅವ್ವ, ನಾನು, ಹೈಸ್ಕೂಲಿನಲ್ಲಿದ್ದ ಅಣ್ಣ ಸೀನ, ಮೂವರೂ ಹತ್ತಿದೆವು. ಹೊಟ್ಟೆಯೊಳಗೆ ಅಪೆಂಡಿಕ್ಸ್ ಒಡೆದಿದೆ, ತಕ್ಷಣ ಆಪರೇಷನ್ ಆಗಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಒಳಗೆ ಕರೆದುಕೊಂಡು ಹೋಗುವ ಮೊದಲು ಅಮ್ಮ ನನ್ನ ಕೈ ಹಿಡಿದುಕೊಂಡಳು. ಕೈ ಕೆಂಡದಂತೆ ಸುಡುತ್ತಿತ್ತು.

“ನಿಮ್ಮಪ್ಪ ಕಲ್ಕತ್ತಾ ಸೇರಿರ್ತಾರೆ. ಬರೋಕೆ ಆರು ದಿನ ಬೇಕು. ಅಲ್ಲೀವರ್ಗೂ ನಾನಿರ್ತೀನೇನೇ ಪದ್ದಿ?”

“ಇರ್ತೀಯ ಕಣಮ್ಮ” ಎಂದೆ. ಆರು ದಿನ ಅಷ್ಟು ಉದ್ದವಾಗಿ ನನಗೆ ಎಂದೂ ಕಂಡಿರಲಿಲ್ಲ.

ಸೀನ ಕೋಲಾರದಲ್ಲೇ ಇದ್ದ ಲಾರಿ ಮಾಲೀಕರ ಆಫೀಸಿಗೆ ಓಡಿಹೋಗಿ ಕಲ್ಕತ್ತಾಕ್ಕೆ ಟ್ರಂಕ್ ಕಾಲ್ ಮಾಡಿಸಿದ. ಮಧ್ಯಾಹ್ನದ ಹೊತ್ತಿಗೆ ಅಲ್ಲಿನ ಆಫೀಸಿಗೆ ಸುದ್ದಿ ಮುಟ್ಟಿತೆಂದು ಬಂದು ಹೇಳಿದ. ಅವ್ವ ತಲೆಯಾಡಿಸಿ, ಆರು ಬೆರಳು ಮಡಚಿ, ಸೆರಗಿನಲ್ಲಿ ಕೈ ಮುಚ್ಚಿಕೊಂಡು ಕೂತರು. ಆಪರೇಷನ್ ಆಯಿತು. ಅಮ್ಮನಿಗೆ ಎಚ್ಚರ ಬಂತು, ಆದರೆ ಜ್ವರ ಇಳಿಯಲಿಲ್ಲ. ಮರುದಿನವೆಲ್ಲ ಅವ್ವ ಅವಳ ತುಟಿಗೆ ಒದ್ದೆ ಬಟ್ಟೆ ಒತ್ತುತ್ತಿದ್ದರು, ನಾನು ಬೀಸಣಿಗೆ ಬೀಸುತ್ತಿದ್ದೆ. ಸಂಜೆ ದೀಪ ಹಾಕುವ ಹೊತ್ತಿಗೆ ವಾರ್ಡಿನ ಬಾಗಿಲಲ್ಲಿ ಅಪ್ಪ ನಿಂತಿದ್ದರು.

ನಾನು ಬೀಸಣಿಗೆ ಕೆಳಗೆ ಹಾಕಿದೆ. ಕೈಯಲ್ಲಿ ಚೀಲವಿಲ್ಲ, ಮೈಮೇಲೆ ದಾರಿಯ ಧೂಳಿಲ್ಲ. ಅಪ್ಪ ನೇರವಾಗಿ ಮಂಚದ ಹತ್ತಿರ ಹೋಗಿ ಅಮ್ಮನ ಹಣೆಯ ಮೇಲೆ ಕೈಯಿಟ್ಟು ನಿಂತುಬಿಟ್ಟರು. ಅಮ್ಮ ಕಣ್ಣು ತೆರೆದು ಅವರನ್ನು ನೋಡಿ, ಕನಸೆಂದುಕೊಂಡು ಮತ್ತೆ ಮುಚ್ಚಿದಳು. ಅವ್ವ ಎದ್ದು ಗೋಡೆಯ ಕಡೆ ತಿರುಗಿದರು. ಆಸ್ಪತ್ರೆಯಲ್ಲಿ ಅಡಗಿಕೊಳ್ಳಲು ಬಾಗಿಲಿರಲಿಲ್ಲ. ಗೋಡೆಯನ್ನು ನೋಡುತ್ತಲೇ ನನಗೆ ಹೇಳಿದರು:

“ನಿನ್ನ ಮಧ್ಯಾಹ್ನಂ ಫೋನು ಚೇಸ್ತಿಮಿ. ಈ ಪೊದ್ದು ಎಟ್ಲ ವಚ್ಚಿನಾಡು? ಮೀ ನಾಯನ್ನಿ ಅಡುಗು.”

ನಿನ್ನೆ ಮಧ್ಯಾಹ್ನ ಫೋನ್ ಮಾಡಿದೆವು, ಇವತ್ತು ಹೇಗೆ ಬಂದ, ನಿಮ್ಮಪ್ಪನನ್ನು ಕೇಳು. ಅವ್ವ ಸಿಟ್ಟಿನಲ್ಲಿ ಅಳಿಯನನ್ನು ಏಕವಚನದಲ್ಲಿ ಕರೆಯುವುದುಂಟು, ಆದರೆ ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಕರೆದದ್ದು ಅದೇ ಮೊದಲು. ನಾನು ಅಪ್ಪನ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ. ಅಪ್ಪ ಕಿವಿಯನ್ನು ಅಂಗೈಯಿಂದ ಬಡಿದುಕೊಂಡು, ವಾರ್ಡೆಲ್ಲ ತಿರುಗಿ ನೋಡುವಂತೆ ಕೂಗಿದರು.

“ಜೋರಾಗಿ ಹೇಳೇ! ಎರಡು ಕಿವೀನೂ ಮುಚ್ಕೊಂಡವೆ!”

“ಹೆಂಗೆ ಬಂದ್ರಿ ಅಂತ ಕೇಳ್ತಾವ್ರೆ!”

“ವಿಮಾನದಲ್ಲಿ ಬಂದೆ ಕಣೇ, ಕಿವಿ ಮುಚ್ಚಿದ್ದೂ ಅದ್ರಲ್ಲೇ! ಮದ್ರಾಸಿಗೆ ವಿಮಾನ, ಅಲ್ಲಿಂದ ಬಸ್ಸು!”

ಪಕ್ಕದ ಮಂಚದ ರೋಗಿಯ ಜೊತೆಗಿದ್ದ ವಕ್ಕಲೇರಿಯ ಹೆಂಗಸು ಬಾಯಿ ತೆರೆದುಕೊಂಡು ಹತ್ತಿರ ಬಂದಳು.

“ಅದ್ರಲ್ಲಿ ಎಷ್ಟೊತ್ತಾಯ್ತದೆ ಸ್ವಾಮಿ?”

“ಎರಡು ಗಂಟೆ, ಅದರ ಮೇಲೆ ಒಂಚೂರು!”

“ಅಯ್ಯೋ ಶಿವನೇ! ವಕ್ಕಲೇರಿಯಿಂದ ಇಲ್ಲಿಗೆ ಬಸ್ಸು ಕಾದು ಬರೋಕೇ ನಂಗೆ ಅಷ್ಟೊತ್ತಾಯ್ತು!”

ಅವ್ವ ಇದೊಂದನ್ನೂ ಒಪ್ಪಲಿಲ್ಲ. ಆರು ದಿನದ ಊರಿನಿಂದ ಎರಡು ಗಂಟೆಯಲ್ಲಿ ಬಂದೆ ಎನ್ನುವವನು ಆ ಊರಿಗೆ ಹೋಗೇ ಇರಲಿಲ್ಲ ಎನ್ನುವುದು ಅವರ ಲೆಕ್ಕ. ಇಲ್ಲೇ ಎಲ್ಲೋ ಇದ್ದಾನೆ, ಚಿತ್ತೂರಿನಲ್ಲೋ ನೆಲ್ಲೂರಿನಲ್ಲೋ. ಸುದ್ದಿ ಅಲ್ಲಿಗೆ ಹೋಗಿದೆ, ಅಲ್ಲಿಂದ ಎದ್ದು ಬಂದಿದ್ದಾನೆ. ಇದನ್ನೆಲ್ಲ ಅವರು ನನಗೆ ತೆಲುಗಿನಲ್ಲಿ, ತುಂಡುತುಂಡಾಗಿ ಹೇಳುತ್ತಿದ್ದರು. ಸೀನ ನಡುವೆ ಬಂದ. ರಸ್ತೆ ಕಡಲ ಅಂಚು ಹಿಡಿದು, ನದಿಯಿದ್ದಲ್ಲಿ ಬಳಸಿ, ಊರಿದ್ದಲ್ಲಿ ನಿಂತು ಬರುತ್ತದೆ, ವಿಮಾನ ನೆಟ್ಟಗೆ ಬರುತ್ತದೆ. ಕಲ್ಕತ್ತಾದಿಂದ ಮದ್ರಾಸಿಗೆ ಆಕಾಶದಲ್ಲಿ ಸಾವಿರದ ನಾನೂರು ಕಿಲೋಮೀಟರೂ ಇಲ್ಲ, ವಿಮಾನ ಗಂಟೆಗೆ ಆರು ನೂರಕ್ಕೂ ಮೇಲೆ ಹೋಗುತ್ತದೆ ಎಂದು ಬೆರಳಿನಿಂದ ಗೋಡೆಯ ಮೇಲೆ ಗೆರೆ ಎಳೆದು ತೋರಿಸಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

“ಬೇಕಾದ್ರೆ ಅಪ್ಪನ ಹತ್ರ ಟಿಕೆಟ್ ಇರುತ್ತೆ. ಕೊಡಪ್ಪ, ಓದಿ ತೋರಿಸ್ತೀನಿ.”

ಅಪ್ಪ ಜೇಬಿನಿಂದ ಮಡಚಿದ ಕಾಗದ ತೆಗೆದು ಕೊಟ್ಟರು. ಸೀನ ಅದನ್ನು ಬಿಡಿಸಿ ಮೊದಲ ಸಾಲನ್ನು ಗಟ್ಟಿಯಾಗಿ ಓದಿದ. ಓದಿದವನು ಅಲ್ಲೇ ನಿಂತ.

“ರಾಮನಾಥನ್ ಅಂತಿದೆ.”

ನಮ್ಮಪ್ಪನ ಹೆಸರು ಮುನಿಯಪ್ಪ. ಕಲ್ಕತ್ತಾ ಆಫೀಸಿನ ಮ್ಯಾನೇಜರು ಮದ್ರಾಸಿನವರು, ಅವತ್ತು ಬೆಳಗಿನ ವಿಮಾನದಲ್ಲಿ ತಮ್ಮ ಊರಿಗೆ ಹೊರಟಿದ್ದವರು. ಅಪ್ಪನ ಸ್ಥಿತಿ ನೋಡಲಾರದೆ ತಮ್ಮ ಟಿಕೆಟ್ಟನ್ನೇ ಕೈಗಿಟ್ಟು, ಯಾರಾದರೂ ಹೆಸರು ಕೇಳಿದರೆ ಇದನ್ನು ಹೇಳು ಎಂದು ಕಳಿಸಿದ್ದರು. ಆ ಕಾಲದಲ್ಲಿ ಹಾಗೆ ನಡೆಯುತ್ತಿತ್ತು. ಅಪ್ಪ ಅದನ್ನೇ ಹೇಳಿದರು. ಆದರೆ ಕಿವಿ ಮುಚ್ಚಿದ ಮನುಷ್ಯ ಕೂಗಿ ಕೂಗಿ ಹೇಳುವಾಗ ನಿಜವೂ ಸುಳ್ಳಿನ ಹಾಗೆಯೇ ಕೇಳುತ್ತದೆ. ಅವ್ವ ಗೋಡೆಯಿಂದ ಮುಖ ತಿರುಗಿಸಲಿಲ್ಲ.

“ಅಲ್ಲೊಂದು ಹೆಸರು, ಇಲ್ಲೊಂದು ಹೆಸರು. ಅಲ್ಲೊಂದು ಮನೆ, ಇಲ್ಲೊಂದು ಮನೆ. ಹೋಗಿ ಹೇಳು ನಿಮ್ಮಪ್ಪನಿಗೆ.”

ಆ ಮಾತಿನ ಬಿಸಿ ಆರಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ. ಅವ್ವನ ಕಣ್ಣಲ್ಲಿ ನೀರಿತ್ತು. ಅದು ಸಿಟ್ಟಲ್ಲ, ತನ್ನ ಮಗಳು ಆ ಇನ್ನೊಬ್ಬ ಡ್ರೈವರಿನ ಹೆಂಡತಿಯ ಹಾಗೆ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆಯೇ ಎನ್ನುವ ಭಯ. ನಾನು ಅಪ್ಪನ ಮುಂದೆ ಹೋಗಿ ನಿಂತೆ.

“ಏನಂದ್ರೇ?” ಎಂದು ಅಪ್ಪ ಕೂಗಿದರು.

“ಊಟ ಆಯ್ತಾ ಅಂತ ಕೇಳಿದ್ರು.”

“ಇಲ್ಲ ಅಂತ ಹೇಳು! ಬೆಳಿಗ್ಗೆಯಿಂದ ಏನೂ ಇಲ್ಲ!”

ವಕ್ಕಲೇರಿಯ ಹೆಂಗಸು ಓಡಿಹೋಗಿ ತನ್ನ ಚೀಲದಿಂದ ಎರಡು ಬಾಳೆಹಣ್ಣು ತಂದು ಅಪ್ಪನ ಕೈಗಿಟ್ಟಳು. ಅಪ್ಪ ಹಣ್ಣು ಹಿಡಿದುಕೊಂಡು, ಮುಂದೇನು ಮಾಡಬೇಕೆಂದು ಗೊತ್ತಾಗದವರಂತೆ ನಿಂತಿದ್ದಾಗ ಮಂಚದಿಂದ ಅಮ್ಮನ ದನಿ ಬಂತು. ಎಲ್ಲವೂ ಅವಳಿಗೆ ಕೇಳಿಸಿತ್ತು. ಅಪ್ಪನನ್ನು ಬಗ್ಗುವಂತೆ ಸನ್ನೆ ಮಾಡಿ, ಅವರ ಕಿವಿಯ ಹತ್ತಿರ ಬಾಯಿಟ್ಟು ಕೇಳಿದಳು.

“ವಿಮಾನದಿಂದ ಏನೇನು ನೋಡಿದ್ರಿ?”

“ಏನೂ ನೋಡ್ಲಿಲ್ಲ!”

“ಕಿಟಕಿ ಇರ್ಲಿಲ್ವಾ?”

“ಇತ್ತು! ನಾನು ಕಣ್ಣೇ ಬಿಡ್ಲಿಲ್ಲ. ಏನೋ ತಿನ್ನೋಕೆ ತಂದ್ರು, ಬೇಡ ಅಂದೆ. ಗೌರಿ ಇರ್ಬೇಕು, ಗೌರಿ ಇರ್ಬೇಕು ಅಂತ ಹೇಳ್ಕೊಂಡು ಕೂತಿದ್ದೆ. ಅಷ್ಟರಲ್ಲಿ ಇಳೀರಿ ಅಂದ್ರು!”

ತಾವು ಪಿಸುಗುಟ್ಟುತ್ತಿದ್ದೇವೆ ಎಂದು ಅಪ್ಪ ಅಂದುಕೊಂಡಿದ್ದರು. ವಾರ್ಡಿನ ಆಚೆ ತುದಿಯ ಮಂಚದವರೆಗೂ ಕೇಳಿಸಿತ್ತು. ಗೌರಿ ನಮ್ಮಮ್ಮನ ಹೆಸರು. ಮಕ್ಕಳ ಎದುರಿಗೆ ಅಪ್ಪ ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಯಾರೋ ಕಿಸಕ್ಕೆಂದರು, ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದರು. ಅಮ್ಮ ನಾಚಿಕೆಯಿಂದ ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡು, ಅದರೊಳಗಿಂದಲೇ ಗೋಡೆಯ ಕಡೆ ತಿರುಗಿದ್ದ ತಾಯಿಗೆ ಹೇಳಿದಳು.

“ಅವ್ವಾ, ಇವರು ಸುಳ್ಳು ಹೇಳೋ ಹಾಗಿದ್ದಿದ್ರೆ ಕತೆ ಇದಕ್ಕಿಂತ ಚೆನ್ನಾಗಿರ್ತಿತ್ತು.”

ಅವ್ವ ಗೋಡೆಯಿಂದ ಮುಖ ತಿರುಗಿಸಿ ಅಳಿಯನನ್ನು ನೋಡಿದರು. ಸೇತುವೆಯ ನಡುವೆ ಕೆಟ್ಟುನಿಂತ ಲಾರಿಯನ್ನೂ ಹೆಸರು ಹಿಡಿದು ಕೂಗುವ ಹಕ್ಕಿಯನ್ನೂ ವರ್ಷಗಟ್ಟಲೆ ಬಾಗಿಲ ಹಿಂದಿನಿಂದ ಕೇಳಿದ್ದವರು ಅವರು. ಆಕಾಶದಲ್ಲಿ ಹಾರಿ ಬಂದು, ಅದರ ಬಗ್ಗೆ ಹೇಳಲು ಒಂದು ಮಾತೂ ಇಲ್ಲದ ಅಳಿಯನನ್ನು ಅವರು ಆ ಸಂಜೆಯೇ ಮೊದಲು ಕಂಡದ್ದು. ಕೊನೆಗೆ ಮಂಚದ ಕೆಳಗಿನ ಡಬ್ಬಿ ತೆಗೆದು, ನಮಗೆಂದು ಇಟ್ಟಿದ್ದ ಮುದ್ದೆ ಮತ್ತು ಸೊಪ್ಪಿನ ಸಾರನ್ನು ನನ್ನ ಕೈಗೆ ಕೊಟ್ಟು, “ತಿನಮನು” ಎಂದರು. ಉಣ್ಣಲು ಹೇಳು ಎಂದು. ಆ ಮಾತಿನ ಬಿಸಿ ಆರಿಸುವ ಅಗತ್ಯವಿರಲಿಲ್ಲ. ಎರಡು ದಿನಕ್ಕೆ ಅಮ್ಮನ ಜ್ವರ ಇಳಿಯಿತು.

ಅಪ್ಪನ ಜೊತೆಯ ಡ್ರೈವರು ಬಾಷಾ ಮಾಮ ಒಬ್ಬರೇ ಲಾರಿ ಓಡಿಸಿಕೊಂಡು ಬರುವ ಹೊತ್ತಿಗೆ ಅಮ್ಮನನ್ನು ಮನೆಗೆ ಕರೆತಂದಿದ್ದೆವು. ಮಾಮ ಲಾರಿಯಿಂದ ಇಳಿದವರೇ ಜಗಲಿಯ ಹತ್ತಿರ ಬಂದು, “ಗೌರಕ್ಕ ಹೆಂಗವ್ರೆ?” ಎಂದು ಕೇಳಿ, ನಡುಮನೆಯಲ್ಲಿ ದಿಂಬಿಗೆ ಒರಗಿದ್ದ ಅಮ್ಮನನ್ನು ಕಂಡು ಎರಡೂ ಕೈ ಮೇಲೆತ್ತಿ ಅಲ್ಲಾಹನಿಗೆ ಶುಕ್ರಿಯಾ ಹೇಳಿದರು. ಆಮೇಲೆ ಯಾರೂ ಕೇಳದೆಯೇ ಶುರು ಮಾಡಿದರು.

“ಅಣ್ಣನ್ನ ಬಿಡೋಕೆ ನಾನೂ ಹೋಗಿದ್ದೆ. ಬೇಲಿ ಹತ್ರ ನಿಂತು ನೋಡ್ತಾ ಇದೀನಿ, ಅಣ್ಣ ವಿಮಾನದ ಮೆಟ್ಟಿಲ ಹತ್ರ ಚಪ್ಪಲಿ ಬಿಟ್ಟು, ಕೈ ಮುಗಿದು, ಬರಿಗಾಲಲ್ಲಿ ಹತ್ತಿಬಿಟ್ರು. ಆಮೇಲೊಬ್ಬ ಚಪ್ಪಲಿ ಎತ್ಕೊಂಡು ಹಿಂದೆನೇ ಓಡಿದ!”

ಸೀನ ಬಿದ್ದು ಬಿದ್ದು ನಕ್ಕ. ಹೊಟ್ಟೆಯ ಹೊಲಿಗೆ ಎಳೆಯುತ್ತದೆಂದು ಅಮ್ಮ ನಗು ಹಿಡಿದುಕೊಂಡು ಅತ್ತಳು. ಅಪ್ಪ ತಲೆ ತಗ್ಗಿಸಿ ಕೂತಿದ್ದರು. ಅವತ್ತು ಮಧ್ಯಾಹ್ನ ಅಪ್ಪ, ಬಾಷಾ ಮಾಮ ಊಟಕ್ಕೆ ಕೂತಾಗ ನಾನು ಎಂದಿನಂತೆ ನೀರಿನ ಚೊಂಬು ಹಿಡಿದು ನಡುವೆ ನಿಂತಿದ್ದೆ. ಅವ್ವ ಸಾರಿನ ಪಾತ್ರೆ ಹಿಡಿದು ಅಡುಗೆಮನೆಯಿಂದ ಹೊರಗೆ ಬಂದರು. ನನ್ನನ್ನು ದಾಟಿಕೊಂಡು ಅಪ್ಪನ ತಟ್ಟೆಯ ಮುಂದೆ ನಿಂತು, ತಮ್ಮ ಮುರುಕು ಕನ್ನಡದಲ್ಲಿ ಕೇಳಿದರು.

“ಇಂಕೊಂಚೂರು ಸಾರು ಬಿಡ್ಲಾ ನಾಯನಾ?”

ಮಗನನ್ನು ಕರೆಯುವ ಹಾಗೆ ನಾಯನಾ ಎಂದಿದ್ದರು. ಅಪ್ಪನ ತುತ್ತು ಬಾಯಿಯ ಹತ್ತಿರವೇ ನಿಂತಿತು.

“ಚಾಲತ್ತಾ” ಎಂದರು ತೆಲುಗಿನಲ್ಲಿ. ಸಾಕು ಅತ್ತೆ ಎಂದು. ಸಾಕು ಎಂದರೂ ಅವ್ವ ಎರಡು ಸೌಟು ಬಿಟ್ಟೇ ಒಳಗೆ ಹೋದರು.

ಎಲ್ಲವೂ ಸರಿಹೋಯಿತು ಎಂದು ನಾವಂದುಕೊಂಡೆವು. ಆದರೆ ಅಪ್ಪ ಮತ್ತೆ ಹೊರಡುವ ದಿನ ಹತ್ತಿರವಾದಂತೆ ಅಮ್ಮ ಮಾತು ಕಡಿಮೆ ಮಾಡಿದಳು. ಅಪ್ಪ ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದ ಮಧ್ಯಾಹ್ನ ಅವಳು ಕೊನೆಗೂ ಹೇಳಿದಳು. ನಾನು ಪಕ್ಕದಲ್ಲೇ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದೆ.

“ಆರು ದಿನ ಅಂತ ಅಂದ್ಕೊಂಡಿದ್ದಾಗ ಕಾಯೋದು ನಂಗೆ ಕಷ್ಟ ಆಗ್ತಿರ್ಲಿಲ್ಲ. ಅಷ್ಟು ನದಿ ಅವೆ, ಅಷ್ಟು ಊರವೆ, ಪಾಪ ಇವರಾದ್ರೂ ಏನು ಮಾಡ್ತಾರೆ ಅಂತಿದ್ದೆ. ಈಗ ಎರಡು ಗಂಟೆ ಅಂತ ಗೊತ್ತಾಗೋಯ್ತಲ್ಲ. ಇನ್ನು ಆರು ದಿನ ಹೆಂಗೆ ಕಾಯ್ಲಿ?”

“ಲಾರಿ ಹಾರುತ್ತೇನೇ?”

“ಹಾರೋದು ಬೇಡ. ಹತ್ತಿರದಲ್ಲಿ ಓಡ್ಲಿ.”

ಕಲ್ಕತ್ತಾ ಲೈನಿನ ಡ್ರೈವರೆಂದರೆ ನಮ್ಮ ಕಡೆ ಮರ್ಯಾದೆ. ಚಹಾ ಅಂಗಡಿಯಲ್ಲಿ ಬೆಂಚು ಬಿಟ್ಟುಕೊಡುತ್ತಿದ್ದರು. ಜಗಲಿಯ ಕತೆಗಳೆಲ್ಲ ಆ ದಾರಿಯವು. ಮಡಚಿದ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪ ಹೆದ್ದಾರಿಯನ್ನು ನೋಡುತ್ತಾ ಕೂತದ್ದು ನನ್ನ ಕಣ್ಣಿಗೆ ಈಗಲೂ ಕಟ್ಟಿದ ಹಾಗಿದೆ. ಆ ಸಲ ಕಲ್ಕತ್ತಾಕ್ಕೆ ಹೋದರು. ವಾಪಸು ಬಂದ ಮೇಲೆ ಮಾಲೀಕರನ್ನು ಕಂಡು ಮದ್ರಾಸು ಲೈನಿಗೆ ಹಾಕಿಸಿಕೊಂಡರು. ಕಲ್ಕತ್ತಾದ ಲಾರಿ ಬಾಷಾ ಮಾಮನ ಕೈಗೆ ಹೋಯಿತು.

ಮದ್ರಾಸಿನಿಂದ ಅಪ್ಪ ಮೊದಲ ಸಲ ಮರಳಿದ ದಿನ ಮುಳಬಾಗಿಲಿನ ಸಂತೆ. ಅವ್ವ ಅಲ್ಲಿಗೆ ಹೋಗಿದ್ದರು. ನಾವು ಶಾಲೆಯಲ್ಲಿದ್ದೆವು. ಸಂಜೆ ಬಂದು ನೋಡಿದರೆ ಮನೆಗೆ ಬೀಗ, ಮನೆಯ ಮುಂದೆ ಲಾರಿ. ಜಗಲಿಯ ಮೇಲೆ ಅಪ್ಪ ಕಂಬಕ್ಕೆ ಒರಗಿ, ಟವೆಲಿನಿಂದ ನೊಣ ಓಡಿಸುತ್ತಾ ಕೂತಿದ್ದರು. ನೆರಳು ಹೋಗಿ ಮುಖಕ್ಕೆ ಬಿಸಿಲು ಬೀಳುತ್ತಿತ್ತು.

“ನಿಮ್ಮಮ್ಮ ಎಲ್ಲೇ?” ಎಂದು ಸಿಡುಕಿದರು.

“ಗೊತ್ತಿಲ್ಲಪ್ಪ. ನೀವು ಇವತ್ತೇ ಬರ್ತೀರ ಅಂತ ಗೊತ್ತಿರ್ಲಿಲ್ಲ.”

ಅಪ್ಪ ಎದ್ದು ರಸ್ತೆಯವರೆಗೆ ಹೋಗಿ ಎರಡೂ ಕಡೆ ನೋಡಿ ಬಂದರು. ಕೂತರು, ಮತ್ತೆ ಎದ್ದರು. ಪಕ್ಕದ ಮನೆಯವರು ನೀರು ಕೊಟ್ಟರೆ ಆಮೇಲೆ ಕುಡೀತೀನಿ ಎಂದರು. ಬಿಸಿಲು ಇಳಿಯುವ ಹೊತ್ತಿಗೆ ಕೆರೆಯ ಕಡೆಯ ಕಾಲುದಾರಿಯಿಂದ ಅಮ್ಮ ಎಮ್ಮೆಗೆಂದು ಹುಲ್ಲಿನ ಹೊರೆಯೊಂದನ್ನು ತಲೆಯ ಮೇಲೆ ಹೊತ್ತು, ಗೆಳತಿಯೊಡನೆ ಮಾತಾಡಿಕೊಂಡು ನಿಧಾನವಾಗಿ ಬರುತ್ತಿದ್ದಳು. ಭಾರ ಎತ್ತಬಾರದೆಂದು ಡಾಕ್ಟರು ಹೇಳಿಲ್ಲವೇ ಎಂದು ಅಪ್ಪ ದೂರದಿಂದಲೇ ಕೂಗಿ ಬೈಯುತ್ತಾ ಎದುರಿಗೆ ಓಡಿದರು. ಅಮ್ಮ ನಿಂತಳು. ಹುಲ್ಲಿನ ಹೊರೆಯ ಕೆಳಗಿಂದ ಅವರನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು.

“ಯಾವಾಗ ಬಂದ್ರಿ?”

“ಆಗ್ಲೇ ಬಂದೆ! ಎಷ್ಟೊತ್ತಿಂದ ಕಾಯ್ತಾ ಇದೀನಿ ಗೊತ್ತಾ?”

“ಹೆಂಗಿರುತ್ತೆ ಕಾಯೋದು?” ಎಂದಳು ಅಮ್ಮ.

ಅಪ್ಪ ಹೊರೆಯನ್ನು ಅವಳ ತಲೆಯಿಂದ ಎತ್ತಿ ತಮ್ಮ ತಲೆಯ ಮೇಲಿಟ್ಟುಕೊಂಡು ಮನೆಯ ಕಡೆ ನಡೆದರು. ಹುಲ್ಲು ಕಣ್ಣಿಗೆ ಇಳಿಬಿದ್ದು ಅವರಿಗೆ ದಾರಿ ಕಾಣುತ್ತಿರಲಿಲ್ಲ. ಅಮ್ಮ ಹಿಂದಿನಿಂದ ಅವರ ಅಂಗಿಯ ತುದಿ ಹಿಡಿದು, ಎಡಕ್ಕೆ, ಬಲಕ್ಕೆ ಎಂದು ಹೇಳುತ್ತಾ ಬಂದಳು.